‘ಬೋರ್ಡ್ ಹೋಗಿದೆ’ ಎನ್ನುವ ಮುನ್ನ

ನಮ್ಮ ಮನೆಗಳಲ್ಲಿ ಕೆಟ್ಟ ಯಂತ್ರಕ್ಕೆ ಮೊದಲು ಸಿಗುವ ಚಿಕಿತ್ಸೆ ಪೆಟ್ಟು. ರೇಡಿಯೋ ಗೊರಗೊರ ಎಂದರೆ ನೆತ್ತಿಯ ಮೇಲೊಂದು, ಟಿ.ವಿ. ಕಣ್ಣು ಮುಚ್ಚಿದರೆ ಪಕ್ಕೆಗೊಂದು, ರಿಮೋಟು ಮೊಂಡು ಹಿಡಿದರೆ ಅಂಗೈಗೆ ಬಡಿದು ಎರಡು. ಆಶ್ಚರ್ಯವೆಂದರೆ ಅನೇಕ ಸಲ ಈ ಚಿಕಿತ್ಸೆ ಫಲಿಸಿಬಿಡುತ್ತದೆ. ಸಡಿಲವಾದ ತಂತಿಯೋ, ಕಿಲುಬು ಹಿಡಿದ ಲೋಹದ ತುದಿಯೋ ಆ ಅಲುಗಾಟಕ್ಕೆ ಮತ್ತೆ ಕೂಡಿಕೊಳ್ಳುತ್ತದೆ. ಆದರೆ ಪೆಟ್ಟಿಗೆ ಎದ್ದು ಕೂತ ಯಂತ್ರ ನಮಗೆ ಏನನ್ನೂ ಕಲಿಸುವುದಿಲ್ಲ. ಎಲ್ಲಿ ಕೆಟ್ಟಿತ್ತು, ಏಕೆ ಕೆಟ್ಟಿತ್ತು ಎಂಬುದು ಅದರ ಹೊಟ್ಟೆಯೊಳಗೇ ಉಳಿಯುತ್ತದೆ.

ಪೆಟ್ಟು ಕೆಲಸ ಮಾಡದೆ ಹೋದಾಗ ಎರಡನೆಯ ಚಿಕಿತ್ಸೆ ರಿಪೇರಿ ಅಂಗಡಿ. ಅಲ್ಲಿ ಈಗೀಗ ಹೆಚ್ಚಾಗಿ ಕೇಳಿಬರುವ ತೀರ್ಪು ಒಂದೇ: ‘ಬೋರ್ಡ್ ಹೋಗಿದೆ ಸಾರ್’. ಈ ಮೂರು ಶಬ್ದಗಳ ಮಾತು ಎಷ್ಟು ದೊಡ್ಡದು ಮತ್ತು ಎಷ್ಟು ಟೊಳ್ಳು ಎಂಬುದನ್ನು ನಮ್ಮ ಮನೆಯ ಹಳೆಯ ಸ್ಟೀರಿಯೋ ರಿಸೀವರ್ ಒಂದು ನಮಗೆ ಕಲಿಸಿತು. ಆ ಕಥೆಯನ್ನು ವಿದ್ಯಾರ್ಥಿಗಳ, ಅವರ ತಂದೆತಾಯಂದಿರ ಮುಂದೆ ಇಡಬೇಕೆನಿಸಿದ್ದಕ್ಕೆ ಕಾರಣವಿದೆ.

ರಿಸೀವರ್ ಎಂದರೆ ರೇಡಿಯೋ ಹಿಡಿಯುವ ಟ್ಯೂನರ್ ಮತ್ತು ದನಿಯನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಸಾಧನ. ನಮ್ಮದು ಜಪಾನಿನದು. 1992ರಲ್ಲಿ ದುಬೈನಿಂದ ಬಂದ ನೆಂಟರ ಕೈಲಿ ನಮ್ಮ ತಂದೆ ತರಿಸಿಕೊಂಡದ್ದು. ಅವರು ತೀರಿಕೊಂಡ ಮೇಲೆ ಅದು ಅಮ್ಮನದಾಯಿತು. ಕಣ್ಣು ಮಂಜಾಗಿ ಪತ್ರಿಕೆ ಓದಲಾಗದ ಅಮ್ಮನಿಗೆ ಬೆಳಗಿನಿಂದ ರಾತ್ರಿಯವರೆಗೆ ಅದೇ ಜೊತೆ. ಮುಳ್ಳು ಮೈಸೂರು ಆಕಾಶವಾಣಿಯ 100.6ರಲ್ಲಿ ಅಂಟಿಕೊಂಡಿತ್ತೆಂದೇ ಹೇಳಬೇಕು. ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಸ್ವಂತವಾಗಿ ಆರಂಭಿಸಿದ ಬಾನುಲಿ ಕೇಂದ್ರ ‘ಆಕಾಶವಾಣಿ’ ಎಂಬ ಹೆಸರು ಹೊತ್ತಿತ್ತು, ಮುಂದೆ ಇಡೀ ದೇಶದ ಬಾನುಲಿಗೇ ಆ ಹೆಸರು ಬಂತು ಎಂಬುದು ಅಮ್ಮನ ಮಟ್ಟಿಗೆ ಸ್ವಂತ ತವರುಮನೆಯ ಹೆಮ್ಮೆ.

ಮೂರು ವರ್ಷಗಳ ಹಿಂದೆ ಈ ರಿಸೀವರಿಗೆ ಎರಡು ಕಾಯಿಲೆ ಒಟ್ಟಿಗೆ ಬಂದವು. ಬಲಗಡೆಯ ಸ್ಪೀಕರ್ ಆಗಾಗ ಮೂಕವಾಗುತ್ತಿತ್ತು. ದನಿ ಜೋರು ಮಾಡಿದರೆ ಚಟಪಟ ಎಂದು ಎಚ್ಚರಗೊಂಡು, ತಗ್ಗಿಸಿದರೆ ಮತ್ತೆ ಮಲಗುತ್ತಿತ್ತು. ಜೊತೆಗೆ ಎರಡೂ ಸ್ಪೀಕರುಗಳಲ್ಲಿ ‘ಗುಂ’ ಎಂಬ ನಾದ. ‘ಒಳಗೆ ದುಂಬಿ ಸೇರಿಕೊಂಡಿದೆ ಕಣೋ’ ಎಂದು ಅಮ್ಮ ದೂರಿದರು. ಅಂಗಡಿಗೆ ಒಯ್ದದ್ದಾಯಿತು. ಅಲ್ಲಿನವರು ಹತ್ತು ನಿಮಿಷ ನೋಡಿ, ಬೋರ್ಡ್ ಹೋಗಿದೆ, ಇದರ ಬೋರ್ಡು ಈಗ ಸಿಗುವುದಿಲ್ಲ, ಗುಜರಿಗೆ ಹಾಕಿ ಹೊಸ ಬ್ಲೂಟೂತ್ ಸ್ಪೀಕರ್ ತೊಗೊಳ್ಳಿ ಎಂದರು. ಅಮ್ಮನಿಗೆ ವಿಷಯ ತಿಳಿಸಿದಾಗ ಅವರು ಏನೂ ಹೇಳಲಿಲ್ಲ. ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿ ಒಳಗೆ ಹೋದರು.

ಅದೇ ವಾರ ಮನೆಯಲ್ಲಿ ಇನ್ನೊಂದು ತೀರ್ಪೂ ಹೊರಬಿದ್ದಿತ್ತು. ದ್ವಿತೀಯ ಪಿಯುಸಿ ಓದುತ್ತಿದ್ದ ಮಗಳಿಗೆ ಕಾಲೇಜಿನ ಭೌತಶಾಸ್ತ್ರದ ಪರೀಕ್ಷೆಯಲ್ಲಿ ಎಪ್ಪತ್ತಕ್ಕೆ ಮೂವತ್ತೆಂಟು ಬಂದಿತ್ತು. ‘ನನಗೆ ಫಿಸಿಕ್ಸ್ ಬರಲ್ಲಪ್ಪ. ಸೈನ್ಸ್ ನನಗೆ ಆಗಿಬರಲ್ಲ’ ಎಂದು ಪುಸ್ತಕ ಮುಚ್ಚಿಟ್ಟಿದ್ದಳು. ನಮ್ಮ ಸಮಾಧಾನದ ಮಾತುಗಳೆಲ್ಲ ಕಲ್ಲಿನ ಮೇಲೆ ಸುರಿದ ಮಳೆ.

ಹೀಗಿರುವಾಗ ನಮ್ಮ ಬೀದಿಯ ‘ಟೆಲಿಫೋನ್ ತಾತ’ ಒಂದು ಭಾನುವಾರ ಅಮ್ಮನನ್ನು ಮಾತನಾಡಿಸಲು ಬಂದರು. ಮಕ್ಕಳು ಇಟ್ಟ ಹೆಸರದು. ದೂರವಾಣಿ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಎಕ್ಸ್‌ಚೇಂಜುಗಳ ದುರಸ್ತಿ ನೋಡಿಕೊಂಡಿದ್ದವರು. ಗುಜರಿಗೆ ಹೊರಡಲು ಸಿದ್ಧವಾಗಿ ಬಾಗಿಲ ಬಳಿ ಕುಳಿತಿದ್ದ ರಿಸೀವರನ್ನು ಕಂಡು, ‘ಯಾಕೆ, ಏನಂತೆ ಇದಕ್ಕೆ?’ ಎಂದು ಕೇಳಿದರು.

‘ಬೋರ್ಡ್ ಹೋಗಿದೆಯಂತೆ’ ಎಂದೆ.

‘ಬೋರ್ಡಿನಲ್ಲಿ ಮುನ್ನೂರು ನಾನೂರು ಭಾಗ ಇರುತ್ತೆ. ಎಲ್ಲ ಒಟ್ಟಿಗೆ ಹೋಯ್ತೋ? ಊರಿಗೇ ಜ್ವರ ಅಂದ ಹಾಗಾಯ್ತು. ಯಾರ ಮನೇಲಿ ಅಂತ ಹೇಳಬೇಕಲ್ಲ’ ಎಂದು ನಕ್ಕರು. ಆಮೇಲೆ ಮಗಳ ಕಡೆ ತಿರುಗಿ, ‘ಪುಟ್ಟೀ, ಒಂದು ನೋಟ್‌ಬುಕ್ ತೊಗೊಂಡು ಬಾ. ಸ್ಕ್ರೂ ಡ್ರೈವರ್ ಈಗಲೇ ಬೇಡ’ ಎಂದರು.

ನೋಟ್‌ಬುಕ್ಕಿನ ಪುಟವನ್ನು ಎರಡು ಭಾಗ ಮಾಡಿಸಿದರು. ಎಡಕ್ಕೆ ‘ಕೇಳಿದ ಪ್ರಶ್ನೆ’, ಬಲಕ್ಕೆ ‘ಬಂದ ಉತ್ತರ’. ಮೊದಲು ಬಲಗಡೆಯ ಮೂಕತನ. ಬ್ಯಾಲೆನ್ಸ್ ತಿರುಪು ಒಂದು ಕಡೆಗೆ ವಾಲಿದೆಯೇ? ಇಲ್ಲ. ಟೇಪ್ ಮಾನಿಟರ್ ಗುಂಡಿ ಒತ್ತಿಹೋಗಿದೆಯೇ? ಇಲ್ಲ. (ಆ ಗುಂಡಿ ಅಕಸ್ಮಾತ್ ಒತ್ತಿಹೋಗಿ, ದನಿಯೇ ಇಲ್ಲವೆಂದು ಅಂಗಡಿ ಸೇರಿದ ಸೆಟ್ಟುಗಳು ಎಷ್ಟೋ ಇವೆಯಂತೆ.) ಸೆಟ್ ಆರಿಸಿ, ಎಡ ಬಲ ಸ್ಪೀಕರುಗಳ ತಂತಿಗಳನ್ನು ಅದಲುಬದಲು ಮಾಡಿಸಿದರು. ಈಗ ಮೂಕವಾದದ್ದು ಅದುವರೆಗೆ ಚೆನ್ನಾಗಿ ಹಾಡುತ್ತಿದ್ದ ಸ್ಪೀಕರ್! ಅಂದರೆ ಸ್ಪೀಕರುಗಳೂ ಅವುಗಳ ತಂತಿಗಳೂ ನಿರಪರಾಧಿಗಳು. ದೋಷ ಪೆಟ್ಟಿಗೆಯೊಳಗೇ ಇದೆ. ರೇಡಿಯೋ ಬಿಟ್ಟು ಸಿ.ಡಿ. ಪ್ಲೇಯರ್ ಹಾಕಿದರು. ಆಗಲೂ ಬಲಗಡೆಯೇ ಮೂಕ. ಅಂದರೆ ಟ್ಯೂನರ್ ನಿರಪರಾಧಿ. ಹೆಡ್‌ಫೋನ್ ಸಿಕ್ಕಿಸಿದರು. ಎರಡೂ ಕಿವಿಗೆ ಸ್ಪಷ್ಟವಾದ ಸಂಗೀತ!

‘ಏನರ್ಥ ಪುಟ್ಟೀ?’

ಮಗಳು ಒಂದು ಕ್ಷಣ ಯೋಚಿಸಿ, ‘ಆಂಪ್ಲಿಫೈಯರ್ ಸರಿಯಾಗಿದೆ ತಾತ. ಅಲ್ಲಿಂದ ಸ್ಪೀಕರ್ ವೈರ್ ಸಿಕ್ಕಿಸೋ ಜಾಗದವರೆಗೆ ಮಧ್ಯದಲ್ಲೆಲ್ಲೋ ತೊಂದರೆ’ ಎಂದಳು. ಸೆಟ್ಟಿನ ಹಿಂದೆ ಇನ್ನೊಂದು ಜೋಡಿ ಸ್ಪೀಕರಿಗೆಂದು ‘ಬಿ’ ಎಂಬ ಕಿಂಡಿಗಳಿದ್ದವು. ಅವಕ್ಕೆ ಸಿಕ್ಕಿಸಿದರೂ ಅದೇ ಮೂಕತನ. ಹಾಗಾದರೆ ಸ್ಪೀಕರ್ ಆರಿಸುವ ಸ್ವಿಚ್ಚೂ ಅಲ್ಲ. ಉಳಿದದ್ದು ಒಂದೇ: ಸೆಟ್ ಹಾಕಿದ ಮೂರು ನಾಲ್ಕು ಸೆಕೆಂಡಿಗೆ ಒಳಗಿನಿಂದ ‘ಟಿಕ್’ ಎನ್ನುವ ರಿಲೇ.

ರಿಲೇ ಎಂದರೆ ವಿದ್ಯುದಯಸ್ಕಾಂತ ಎಳೆದು ಕೂಡಿಸುವ ಸ್ವಿಚ್. ಆಂಪ್ಲಿಫೈಯರ್ ನೆಲೆಗೊಳ್ಳುವವರೆಗೆ ಸ್ಪೀಕರನ್ನು ದೂರ ಇಟ್ಟು, ಒಳಗೆ ಅಪಾಯ ಕಂಡರೆ ಸಂಪರ್ಕ ಕಡಿಯುವುದು ಅದರ ಕೆಲಸ. ವರ್ಷಗಳು ಕಳೆದಂತೆ ಅದರ ಲೋಹದ ತುದಿಗಳ ಮೇಲೆ ತೆಳುವಾದ ಕಿಲುಬಿನ ಪದರ ಕಟ್ಟುತ್ತದೆ. ಸಣ್ಣ ದನಿಯ ಅಲ್ಪ ವಿದ್ಯುತ್ತು ಆ ಪದರವನ್ನು ದಾಟಲಾರದು. ಜೋರು ದನಿಯದು ಸೀಳಿಕೊಂಡು ದಾಟುತ್ತದೆ. ಚಟಪಟ ಸದ್ದಿನ ಗುಟ್ಟು ಇದೇ.

‘ಈ ಟಿಕ್ ಸದ್ದಿನ ಮಧ್ಯದಲ್ಲೇ ನನ್ನ ಆಯಸ್ಸು ಕಳೆದದ್ದು’ ಎಂದರು ತಾತ. ಹಳೆಯ ಸ್ಟ್ರೌಜರ್ ಎಕ್ಸ್‌ಚೇಂಜಿನಲ್ಲಿ ಸಾವಿರಾರು ರಿಲೇಗಳು. ಅಮೆರಿಕದ ಆಲ್ಮನ್ ಸ್ಟ್ರೌಜರ್ ಎಂಬಾತ ಅಂತ್ಯಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ಕಸುಬಿನವನು. ಟೆಲಿಫೋನ್ ಆಪರೇಟರು ತನ್ನ ಗಿರಾಕಿಗಳ ಕರೆಗಳನ್ನು ಎದುರಾಳಿಗೆ ತಿರುಗಿಸುತ್ತಾರೆಂಬ ಗುಮಾನಿಯಿಂದ, ಆಪರೇಟರೇ ಬೇಡದ ಯಂತ್ರವನ್ನು ರೂಪಿಸಿ 1891ರಲ್ಲಿ ಪೇಟೆಂಟ್ ಪಡೆದನಂತೆ. ಬೆಂಗಳೂರಿನಲ್ಲಿ 1948ರಲ್ಲಿ ಆರಂಭವಾದ ಐಟಿಐ ಕಾರ್ಖಾನೆ ನಮ್ಮ ದೇಶಕ್ಕೆ ಆ ಬಗೆಯ ಎಕ್ಸ್‌ಚೇಂಜುಗಳನ್ನು ತಯಾರಿಸಿಕೊಟ್ಟಿತು. ‘ಒಂದು ಲೈನ್ ಸತ್ತರೆ ತುದಿಯಿಂದ ಹುಡುಕ್ತಾ ಕೂತರೆ ಬೆಳಗಾಗಿಬಿಡುತ್ತೆ. ಮಧ್ಯಕ್ಕೆ ಹೋಗಿ ಕೇಳಬೇಕು, ಇಲ್ಲಿವರೆಗೆ ದನಿ ಬಂದಿದೆಯಾ ಅಂತ. ಬಂದಿದ್ದರೆ ಹಿಂದಿನ ಅರ್ಧ ಬಿಡು. ಬಂದಿಲ್ಲದಿದ್ದರೆ ಮುಂದಿನ ಅರ್ಧ ಬಿಡು. ಸಾವಿರ ಜಾಗ ಇದ್ದರೂ ಹತ್ತು ಪ್ರಶ್ನೆ ಸಾಕು.’ ಮಗಳು ಲೆಕ್ಕ ಹಾಕಿದಳು. ಎರಡನ್ನು ಹತ್ತು ಸಲ ಗುಣಿಸಿದರೆ 1,024. ಹೌದು, ಹತ್ತು ಸಾಕು.

ಇಷ್ಟು ನಡೆಯುವಾಗ ಅರ್ಧ ಗಂಟೆ ಕಳೆದಿತ್ತು. ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ. ಪುಟದ ಬಲಭಾಗದ ತುಂಬ ‘ಇಲ್ಲಿ ಇಲ್ಲ’, ‘ಇಲ್ಲಿ ಇಲ್ಲ’ ಎಂಬ ಸಾಲುಗಳು. ‘ಎಲ್ಲ ಇಲ್ಲ ಇಲ್ಲ ಅಂತಲೇ ಆಯ್ತಲ್ಲ’ ಎಂದು ಮಗಳು ಗೊಣಗಿದಳು. ತಾತ ತಲೆಯಾಡಿಸಿ, ‘ಅದೇ ಸಂಪಾದನೆ ಮರೀ. ಒಂದೊಂದು ‘ಇಲ್ಲ’ಕ್ಕೂ ಜಾಗ ಚಿಕ್ಕದಾಗ್ತಾ ಬಂತಲ್ಲ’ ಎಂದರು.

ಇನ್ನು ಉಳಿದದ್ದು ದುಂಬಿ. ದನಿಯ ತಿರುಪನ್ನು ಸೊನ್ನೆಗೆ ಇಳಿಸಿದರೂ ಗುಂಗಾಟ ನಿಲ್ಲಲಿಲ್ಲ. ಅಂದರೆ ದೋಷ ಆ ತಿರುಪಿನ ಆಚೆಗಿದೆ. ಎರಡೂ ಕಡೆ ಸಮನಾಗಿ ಕೇಳುತ್ತಿತ್ತು. ಅಂದರೆ ಎರಡಕ್ಕೂ ಸೇರಿದ ಯಾವುದೋ ಭಾಗದಲ್ಲಿದೆ. ಎರಡಕ್ಕೂ ಸೇರಿದ್ದೆಂದರೆ ವಿದ್ಯುತ್ ಒದಗಿಸುವ ವಿಭಾಗ. ಆಗ ತಾತ ಒಂದು ತಮಾಷೆ ತೋರಿಸಿದರು. ಹಿಂದಿನ ‘ಆಕ್ಸ್’ ಕಿಂಡಿಗೆ ಒಂದು ತಂತಿ ಸಿಕ್ಕಿಸಿ, ದನಿ ತೀರ ಸಣ್ಣಗಿಟ್ಟು, ಅದರ ಇನ್ನೊಂದು ತುದಿಯ ನಡುಮುಳ್ಳನ್ನು ಬೆರಳಿನಿಂದ ಮುಟ್ಟಿದರು. ಸ್ಪೀಕರಿನಲ್ಲಿ ಬೇರೊಂದು ‘ಗುಂ’. ಗೋಡೆಗಳಲ್ಲಿ ಹರಿಯುವ ಮನೆಯ ವಿದ್ಯುತ್ತನ್ನು ನಮ್ಮ ಮೈ ಆಂಟೆನಾದಂತೆ ಹಿಡಿದು ಕೊಡುವ ಸದ್ದು ಅದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ದಿಕ್ಕು ತಿರುಗಿ ಬರುವಂಥದು. ಆದ್ದರಿಂದ ಆ ನಾದದ ಆಧಾರ 50 ಹರ್ಟ್ಸ್.

‘ನೀನು ಸಂಗೀತ ಕಲಿತವಳಲ್ಲವೇ? ಬೆರಳಿನ ಗುಂ ಮತ್ತು ದುಂಬಿಯ ಗುಂ ಎರಡಕ್ಕೂ ಏನು ವ್ಯತ್ಯಾಸ ಹೇಳು.’

ಎಂಟು ವರ್ಷ ಹಾಡುಗಾರಿಕೆ ಕಲಿತಿದ್ದಳು. ಹತ್ತನೆಯ ತರಗತಿಗೆ ಬಂದಾಗ ಬಹುತೇಕ ಮನೆಗಳಲ್ಲಿ ಆಗುವಂತೆ ಪಾಠ ನಿಂತಿತ್ತು. ಕಣ್ಣು ಮುಚ್ಚಿ ಕೇಳಿದಳು. ಮತ್ತೊಮ್ಮೆ ಮುಟ್ಟಲು ಹೇಳಿದಳು. ‘ಸ್ವರ ಒಂದೇ ತಾತ. ಬೆರಳಿನದು ಕೆಳಗಿನ ಸ. ದುಂಬಿಯದು ಮೇಲಿನ ಸ.’

‘ಮೇಲಿನ ಸ ಅಂದರೆ ಎಷ್ಟು ಪಟ್ಟು?’

‘ಎರಡು ಪಟ್ಟು. ಅಂದರೆ... 100 ಹರ್ಟ್ಸ್!’ ಎಂದವಳು ಅಲ್ಲೇ ತಟ್ಟನೆ ನಿಂತಳು. ಒಳಗೆ ಹೋಗಿ, ಮುಚ್ಚಿಟ್ಟಿದ್ದ ಭೌತಶಾಸ್ತ್ರದ ಪುಸ್ತಕ ತಂದಳು. ಅರೆವಾಹಕಗಳ ಪಾಠದ ಅಭ್ಯಾಸದಲ್ಲಿ ಒಂದು ಪ್ರಶ್ನೆ: ಒಳಬರುವ ವಿದ್ಯುತ್ತು 50 ಹರ್ಟ್ಸ್ ಆದರೆ ಪೂರ್ಣತರಂಗ ರೆಕ್ಟಿಫೈಯರಿನಿಂದ ಹೊರಬರುವುದರ ಆವೃತ್ತಿ ಎಷ್ಟು? ಉತ್ತರ 100. ಒಂದು ಅಂಕದ ಪ್ರಶ್ನೆಯೆಂದು ಬಾಯಿಪಾಠ ಮಾಡಿದ್ದಳು. ಅಲೆಯ ಕೆಳಗಿನ ಅರ್ಧವನ್ನೂ ರೆಕ್ಟಿಫೈಯರ್ ಮೇಲಕ್ಕೆ ಮಡಚುವುದರಿಂದ ಒಂದು ಉಬ್ಬು ಇರುವಲ್ಲಿ ಎರಡಾಗುತ್ತವೆ. ಆ ಉಬ್ಬುತಗ್ಗುಗಳನ್ನು ಸಮತಟ್ಟು ಮಾಡಬೇಕಾದದ್ದು ದೊಡ್ಡ ಕೆಪಾಸಿಟರ್. ಅದು ಸೋತರೆ ಉಬ್ಬುತಗ್ಗು ಹಾಗೆಯೇ ಸ್ಪೀಕರಿಗೆ ಹೋಗಿ ಹಾಡುತ್ತದೆ. ಆ ಒಂದು ಅಂಕದ ಉತ್ತರ ಹದಿನೈದು ದಿನದಿಂದ ನಮ್ಮ ಹಜಾರದಲ್ಲಿ ಗುಂಯ್‌ಗುಡುತ್ತಿತ್ತು.

ಈಗ ಮುಚ್ಚಳ ತೆಗೆಯುವ ಸರದಿ. ಇಲ್ಲಿ ತಾತ ಕಟ್ಟುನಿಟ್ಟಾದರು. ಪ್ಲಗ್ಗನ್ನು ಗೋಡೆಯಿಂದ ಕಿತ್ತು ಎಲ್ಲರ ಕಣ್ಣಿಗೆ ಬೀಳುವಂತೆ ಮೇಜಿನ ಮೇಲಿಡಿಸಿದರು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಹತ್ತು ನಿಮಿಷ ಬಿಟ್ಟು ಮಲ್ಟಿಮೀಟರ್ ಹಿಡಿದರೆ ಎರಡರಲ್ಲೂ 18 ವೋಲ್ಟ್. ಎರಡರ ಮೈಮೇಲೂ ‘10,000 ಮೈಕ್ರೋಫ್ಯಾರಡ್, 63 ವೋಲ್ಟ್’ ಎಂದು ಬರೆದಿತ್ತು. ಒಂದೊಂದಕ್ಕೂ 1,000 ಓಮಿನ ರೆಸಿಸ್ಟರ್ ಜೋಡಿಸಿ ಅದನ್ನು ಬರಿದು ಮಾಡುವುದು ಕ್ರಮ. ಮೊಬೈಲಿನ ಸ್ಟಾಪ್‌ವಾಚ್ ಮಗಳ ಕೈಲಿ. ಓಮ್ ಮತ್ತು ಫ್ಯಾರಡ್‌ಗಳನ್ನು ಗುಣಿಸಿದರೆ 10 ಸೆಕೆಂಡ್. ಅಷ್ಟು ಹೊತ್ತಿಗೆ ವೋಲ್ಟೇಜು ಮೊದಲಿದ್ದುದರ ಶೇಕಡಾ 37ಕ್ಕೆ, ಎಂದರೆ 6.6ಕ್ಕೆ ಇಳಿಯಬೇಕು. ಮೊದಲನೆಯದು 10 ಸೆಕೆಂಡಿಗೆ 6 ವೋಲ್ಟಿಗೆ ಬಂತು. ಹೆಚ್ಚು ಕಡಿಮೆ ಸರಿ. ಎರಡನೆಯದು ಅಷ್ಟೇ ಹೊತ್ತಿನಲ್ಲಿ ಒಂದೂವರೆಗೆ ಕುಸಿಯಿತು!

ಮಗಳು ಯಾರೂ ಹೇಳದೆಯೇ ಲೆಕ್ಕಕ್ಕೆ ಕುಳಿತಳು. ಲಾಗರಿದಮ್ಮು ತೆಗೆದು ನೋಡಿದರೆ ಎರಡನೆಯ ಕೆಪಾಸಿಟರಿನಲ್ಲಿ ಉಳಿದದ್ದು ಸುಮಾರು 4,000 ಮೈಕ್ರೋಫ್ಯಾರಡ್ ಮಾತ್ರ. ಒಳಗಿನ ದ್ರವ ಮೂವತ್ತು ವರ್ಷಗಳಲ್ಲಿ ಒಣಗಿತ್ತು. ಹತ್ತು ಬಿಂದಿಗೆ ಹಿಡಿಯುವ ತೊಟ್ಟಿ ನಾಲ್ಕು ಬಿಂದಿಗೆಗೆ ಇಳಿದಿತ್ತು. ‘ದುಂಬಿ ಸಿಕ್ಕಿತು ಅಜ್ಜೀ!’ ಎಂದು ಅವಳು ಕೂಗಿದ್ದು ಬೀದಿಗೇ ಕೇಳಿಸಿರಬೇಕು.

ಮುಂದಿನದು ಕೈಕೆಲಸ. ರಿಲೇಯ ಪ್ಲಾಸ್ಟಿಕ್ ಟೋಪಿ ಬಿಡಿಸಿ, ಸ್ಪಿರಿಟ್ಟಿನಲ್ಲಿ ಅದ್ದಿದ ವಿಸಿಟಿಂಗ್ ಕಾರ್ಡಿನ ಸೀಳನ್ನು ಅದರ ತುದಿಗಳ ನಡುವೆ ಮೆಲ್ಲಗೆ ಎಳೆದರು. ಕಾರ್ಡು ಕಪ್ಪಾಗಿ ಹೊರಬಂತು. ಮತ್ತೆ ಸೆಟ್ ಹಾಕಿದರೆ ಬಲಗಡೆಯ ದನಿ ಪಿಸುಮಾತಿನಷ್ಟು ತಗ್ಗಿಸಿದರೂ ನಿಲ್ಲಲಿಲ್ಲ. ‘ಇದು ರಿಪೇರಿ ಅಲ್ಲ, ಸಾಕ್ಷಿ. ನಮ್ಮ ಊಹೆ ನಿಜ ಅಂತ ಗೊತ್ತಾಯ್ತಲ್ಲ, ಈಗ ಹೊಸದು ಹಾಕೋಣ’ ಎಂದರು. ಅದೇ ವೋಲ್ಟೇಜಿನ ರಿಲೇ ಒಂದು, 63 ವೋಲ್ಟಿಗೆ ಕಡಿಮೆಯಿಲ್ಲದ ಕೆಪಾಸಿಟರ್ ಎರಡು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದೆವು. ಎಲ್ಲ ಸೇರಿ ಸಾವಿರ ರೂಪಾಯಿಯೊಳಗೆ ಮುಗಿಯಿತು. ಕೆಪಾಸಿಟರಿನ ಮೈಮೇಲಿರುವ ಮೈನಸ್ ಪಟ್ಟಿ ಬೋರ್ಡಿನ ಮೈನಸ್ ಗುರುತಿಗೇ ಬರಬೇಕು; ತಿರುಗುಮುರುಗಾದರೆ ಅದು ಸಿಡಿಯುತ್ತದೆ. ತಾತ ಮೂರು ಸಲ ನೋಡಿದರು, ಮಗಳಿಂದ ಮೂರು ಸಲ ನೋಡಿಸಿದರು. ಬೆಸುಗೆ ಹಾಕಿದ್ದು ಅವರು. ಕೊನೆಯ ಎರಡು ಕಾಲುಗಳಿಗೆ ಅವಳು.

ಮೊದಲ ಸಲ ವಿದ್ಯುತ್ತು ಕೊಟ್ಟದ್ದೂ ನೇರವಾಗಿ ಅಲ್ಲ, 100 ವಾಟಿನ ಹಳೆಯ ತಂತಿಬಲ್ಬನ್ನು ಸೀರೀಸಿನಲ್ಲಿ ಕಟ್ಟಿ. ಒಳಗೆಲ್ಲಾದರೂ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಉರಿದು ಸೆಟ್ಟನ್ನು ಉಳಿಸುತ್ತದೆ; ಎಲ್ಲ ಸರಿಯಿದ್ದರೆ ಒಮ್ಮೆ ಮಿನುಗಿ ಮಂಕಾಗುತ್ತದೆ. ಎಲ್.ಇ.ಡಿ. ಬಲ್ಬು ಈ ಕೆಲಸಕ್ಕೆ ಬಾರದು. ನಮ್ಮ ಬಲ್ಬು ಮಿನುಗಿ ಮಂಕಾಯಿತು. ಬಲ್ಬು ತೆಗೆದು ಸೆಟ್ ಹಾಕಿದರು. ಟಿಕ್. ಆಮೇಲೆ ನಿಶ್ಶಬ್ದ. ಆ ನಿಶ್ಶಬ್ದದೊಳಗಿಂದ ವಾರ್ತೆ ಓದುವವರ ದನಿ. ಅಮ್ಮ ಗೋಡೆ ಹಿಡಿದುಕೊಂಡು ಬಂದು ತಮ್ಮ ಕುರ್ಚಿಯಲ್ಲಿ ಕುಳಿತರು. ‘ಎರಡೂ ಕಡೆ ಬರ್ತಿದೆ’ ಎಂದಷ್ಟೇ ಹೇಳಿದರು.

ನಿಜವಾದ ರಿಪೇರಿ ನಡೆದದ್ದು ಅದರ ಮರುದಿನ. ಮಗಳು ಅದೇ ನೋಟ್‌ಬುಕ್ಕಿನ ಹೊಸ ಪುಟವನ್ನು ಎರಡು ಭಾಗ ಮಾಡಿ, ಭೌತಶಾಸ್ತ್ರದ ಆ ಉತ್ತರಪತ್ರಿಕೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. ಸ್ಥಿರ ವಿದ್ಯುತ್ತು: ಇಲ್ಲಿ ಇಲ್ಲ. ವಿದ್ಯುತ್ ಪ್ರವಾಹ: ಇಲ್ಲಿ ಇಲ್ಲ. ಕಾಂತತೆ: ಸ್ವಲ್ಪ. ಕಳೆದುಕೊಂಡ ಮೂವತ್ತೆರಡು ಅಂಕಗಳಲ್ಲಿ ಇಪ್ಪತ್ತೊಂದು ಬೆಳಕಿನ ಪಾಠದಲ್ಲಿ. ಅದರೊಳಗೂ ಹುಡುಕಿದಳು. ಚಿತ್ರಗಳು ಸರಿ, ಸೂತ್ರಗಳು ಸರಿ. ಕನ್ನಡಿ, ಮಸೂರಗಳ ದೂರಕ್ಕೆ ಹಾಕುವ ಪ್ಲಸ್ ಮೈನಸ್ ಚಿಹ್ನೆಗಳು ಮಾತ್ರ ಗೊಂದಲ. ಒಂದು ಚಿಹ್ನೆ ತಪ್ಪಿದರೆ ಅದರ ಹಿಂದಿನ ಲೆಕ್ಕವೆಲ್ಲ ತಪ್ಪು. ‘ಫಿಸಿಕ್ಸ್ ಬರಲ್ಲ ಅಂತಲ್ಲಪ್ಪ, ಸೈನ್ ಕನ್ವೆನ್ಷನ್ ಬರಲ್ಲ’ ಎಂದಳು. ಅದು ಎರಡು ದಿನದ ಕೆಲಸವಾಗಿತ್ತು. ಅವಳಿಗೆ ರ‍್ಯಾಂಕು ಬರಲಿಲ್ಲ. ಬರಲೇಬೇಕೆಂದು ಯಾರೂ ಹೇಳಿರಲಿಲ್ಲ. ಈಗ ಬಿ.ಎಸ್ಸಿ. ಓದುತ್ತಿದ್ದಾಳೆ, ಭೌತಶಾಸ್ತ್ರವನ್ನೇ ಆರಿಸಿಕೊಂಡು. ಭಾನುವಾರಗಳಂದು ಸಂಗೀತದ ಪಾಠವೂ ಮತ್ತೆ ಶುರುವಾಗಿದೆ.

ತಂದೆತಾಯಂದಿರಲ್ಲಿ ಒಂದು ಅರಿಕೆ. ಮಕ್ಕಳ ಕೈಗೆ ಹಾಳಾದ ವಸ್ತುವೊಂದನ್ನು ಕೊಡಿ. ಮೊದಲಿಗೆ ಸೆಲ್ಲಿನಿಂದ ನಡೆಯುವ ಗಡಿಯಾರ, ಟಾರ್ಚು, ಪುಟ್ಟ ರೇಡಿಯೋ ಸಾಕು. ಗೋಡೆಯ ವಿದ್ಯುತ್ತಿನ ಸಾಧನವಾದರೆ ತಿಳಿದವರು ಪಕ್ಕದಲ್ಲಿರಲೇಬೇಕು. ಮೈಕ್ರೋವೇವ್ ಒಲೆ, ಹಳೆಯ ಪಿಕ್ಚರ್ ಟ್ಯೂಬಿನ ಟಿ.ವಿ. ಇವುಗಳ ಮುಚ್ಚಳ ಮಾತ್ರ ತೆಗೆಯಲೇಬಾರದು. ಅವುಗಳೊಳಗೆ ಪ್ರಾಣ ತೆಗೆಯುವಷ್ಟು ವೋಲ್ಟೇಜು ಅಡಗಿರುತ್ತದೆ. ರಿಪೇರಿ ಆಗದೆ ಹೋದರೂ ನಷ್ಟವಿಲ್ಲ. ಪುಟದ ಬಲಭಾಗದಲ್ಲಿ ನಾಲ್ಕು ‘ಇಲ್ಲಿ ಇಲ್ಲ’ ಉಳಿದರೆ ಸಾಕು.

ಇನ್ನು ಮಗನೋ ಮಗಳೋ ಮುಖ ಇಳಿಬಿಟ್ಟು ‘ನನಗೆ ಗಣಿತ ಬರಲ್ಲ’, ‘ಇಂಗ್ಲಿಷ್ ಬರಲ್ಲ’ ಎಂದಾಗ ಬೈಯುವುದೂ ಬೇಡ, ‘ಬರುತ್ತೆ ಬಿಡು’ ಎನ್ನುವುದೂ ಬೇಡ. ಪಕ್ಕದಲ್ಲಿ ಕುಳಿತು ಒಂದೇ ಪ್ರಶ್ನೆ ಕೇಳಿ: ‘ಎಲ್ಲಿವರೆಗೆ ಬರುತ್ತೆ?’